ಬೆರಾದಲ್ಲಿ (ಕೇಳುವ ನರದ ಪರೀಕ್ಷೆ) ಒಂದು ಅಲೆಯೂ ಬರುತ್ತಿಲ್ಲ, ಮೆಷಿನ್ ಮಾತ್ರ ಸರಿ ಉಂಟು. ಯಾರಾದರೂ ಹೇಳಿ

ಪಯಸ್ವಿನಿ ದಡ, ಕಾಸರಗೋಡು
ಸಾಕಾಗಿ ಹೋಗಿದೆ. ಬೆಳಿಗ್ಗೆಯಿಂದ ಒಂದೇ ಮಗುವಿನ ಬೆರಾ ಮಾಡುತ್ತಾ ಕೂತಿದ್ದೇನೆ. ಕಿವಿಗೆ 90 ಡಿಬಿ ಕ್ಲಿಕ್ ಸದ್ದು ಕೊಟ್ಟರೂ ಗೆರೆ ಚಪ್ಪಟೆ. ಎರಡೂ ಕಿವಿ ಹಾಗೆಯೇ. ಮಗು ಒಳ್ಳೆ ನಿದ್ದೆಯಲ್ಲಿದೆ. ಕಂಪೆನಿಯವರಿಗೆ ಫೋನ್ ಮಾಡಿದರೆ ಸಾಫ್ಟ್‌ವೇರ್ ಮತ್ತೆ ಹಾಕಿ ಅನ್ನುತ್ತಾರೆ. ಹಾಕಿದೆ, ಏನೂ ಬದಲಾಗಲಿಲ್ಲ. ತಾಯಿ ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ. "ಕೇಳುತ್ತದಾ, ಇಲ್ವಾ, ಅಷ್ಟು ಹೇಳಿ" ಅನ್ನುತ್ತಾರೆ. ಬೇಗ ಉತ್ತರಿಸಿ ಪ್ಲೀಸ್.

ಮುರಕಲ್ಲು, ಬದಿಯಡ್ಕ
ಅರ್ಥಿಂಗ್. ಕಣ್ಣು ಮುಚ್ಚಿ ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಮುರಕಲ್ಲಿನ ನೆಲ ಒಣಗಿ ಹೋಗುತ್ತದೆ, ಅರ್ಥ್ ಗುಂಡಿ ಇದ್ದೂ ಇಲ್ಲದ ಹಾಗೆ. ಗುಂಡಿಗೆ ನೀರು ಹಾಕಿಸಿ. ಇನ್ವರ್ಟರ್ ಪಕ್ಕದ ಗೋಡೆಯಲ್ಲಿ ಉಂಟಾ? ಲ್ಯಾಪ್‌ಟಾಪ್ ಚಾರ್ಜರ್ ಕಳಚಿ, ಬ್ಯಾಟರಿಯಲ್ಲೇ ನಡೆಸಿ ನೋಡಿ.

ಕುಂಬಳೆ ಕೋಟೆ
ಸೆಕೆಂಡಿಗೆ ಎಷ್ಟು ಕ್ಲಿಕ್, ಅಂದರೆ ರೇಟ್ ಎಷ್ಟು ಇಟ್ಟಿದ್ದೀರಿ ಅಕ್ಕ? 25 ಇಟ್ಟರೆ ಕರೆಂಟಿನ 50 ಹರ್ಟ್ಸ್ ಪ್ರತಿ ಕ್ಲಿಕ್ಕಿಗೂ ಅದೇ ಜಾಗಕ್ಕೆ ಬಂದು ಕೂರುತ್ತದೆ, ಆವರೇಜ್ ಮಾಡಿದರೂ ಹೋಗುವುದಿಲ್ಲ. 21.1 ಅಥವಾ 27.7 ಇಡಿ. ಹಣೆಗೆ ಎಣ್ಣೆ ಹಚ್ಚಿ ಮೀಯಿಸಿ ಕರೆತಂದಿದ್ದಾರಾ? ಎಣ್ಣೆ ಚರ್ಮದ ಮೇಲೆ ಎಲೆಕ್ಟ್ರೋಡ್ ಹಿಡಿಯುವುದೇ ಇಲ್ಲ. ಜೆಲ್ ಹಾಕಿ ಉಜ್ಜಿ, ಇಂಪಿಡೆನ್ಸ್ (ಚರ್ಮದ ತಡೆ) 5 ಕಿಲೋಓಮ್ ಒಳಗೆ ತನ್ನಿ.

ಪಯಸ್ವಿನಿ ದಡ
ರೇಟ್ 21.1. ಇಂಪಿಡೆನ್ಸ್ ಮೂರೂ ಕಡೆ 3ರ ಒಳಗೆ. ಚಾರ್ಜರ್ ತೆಗೆದೆ. ಗುಂಡಿಗೆ ಎರಡು ಕೊಡ ನೀರೂ ಹಾಕಿಸಿದೆ. ಹಾಗೆಯೇ.

ಮುರಕಲ್ಲು
ಹಾಗಾದರೆ ಆ 50 ಹರ್ಟ್ಸನ್ನೇ ಕತ್ತರಿಸುವ ನಾಚ್ ಫಿಲ್ಟರ್ ಆನ್ ಮಾಡಿ.

ಕುಂಬಳೆ ಕೋಟೆ
ಬೇಡ, ದಯವಿಟ್ಟು ಬೇಡ. ಬೆರಾದಲ್ಲಿ ನಾವು ಮುಖ್ಯವಾಗಿ ಹುಡುಕುವ 5ನೇ ಅಲೆಯ ಶಕ್ತಿ ಮಕ್ಕಳಲ್ಲಿ ಕೆಳಗಿನ ಫ್ರೀಕ್ವೆನ್ಸಿಯಲ್ಲೇ ಜಾಸ್ತಿ. ಅದಕ್ಕೇ ನಾವು ಲೋ ಕಟ್ ಅನ್ನು (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) 30 ಹರ್ಟ್ಸಿಗೆ ಇಳಿಸುವುದು. ಅಲ್ಲಿ ನಾಚ್ ಹಾಕಿದರೆ ಬೇಕಾದದ್ದನ್ನೇ ಕತ್ತರಿಸಿದ ಹಾಗೆ. ಆಕಾರವೂ ಕೆಡುತ್ತದೆ.

ಮುರಕಲ್ಲು
ನಾನು ಇಷ್ಟು ವರ್ಷ ಹಾಕಿಯೇ ಮಾಡುತ್ತಿದ್ದೇನೆ ಅಣ್ಣ. ಅಲೆ ಬರುತ್ತದೆ.

ಕುಂಬಳೆ ಕೋಟೆ
ದೊಡ್ಡವರಲ್ಲಿ ಬರಬಹುದು. ಮಕ್ಕಳ ಥ್ರೆಶೋಲ್ಡ್ (ಅಲೆ ಕಾಣುವ ಅತಿ ಸಣ್ಣ ಸದ್ದು) ಹತ್ತಿರ ಬಂದಾಗ 5ನೇ ಅಲೆ ತೀರಾ ಸಣ್ಣದು. ಅಲ್ಲಿ ಸ್ವಲ್ಪ ಕಳೆದರೂ ಒಂದು ಮಗುವಿನ ರಿಪೋರ್ಟ್ ತಪ್ಪುತ್ತದೆ.

ಹೊಸಂಗಡಿ ಲ್ಯಾಬ್
ಗೋಡೆಗೆ ತಾಮ್ರದ ಬಲೆ ಹೊಡೆಸಿ, ಎಲ್ಲ ತಕರಾರು ಮುಗಿಯುತ್ತದೆ. ನಮ್ಮ ರೂಮಿನ ನಾಲ್ಕು ಗೋಡೆ, ಸೀಲಿಂಗ್, ಬಾಗಿಲಿಗೂ ಬಲೆ ಉಂಟು. ಪ್ರಿಆಂಪ್ ಬೇರೆ ಬ್ಯಾಟರಿಯಲ್ಲಿ. ಟ್ಯೂಬ್‌ಲೈಟೇ ಇಲ್ಲ. 1,000 ಸ್ವೀಪಿಗೇ (ಕ್ಲಿಕ್ಕಿಗೇ) ಗೆರೆ ಚೊಕ್ಕ. ಫೋಟೋ ಬೇಕಾದರೆ ಹಾಕುತ್ತೇನೆ.

ಮುಳ್ಳೇರಿಯ ಮಳೆ
ಒಂದು ನಿಮಿಷ ಮಾರಾಯ್ರೇ. ಅಕ್ಕ ಹೇಳಿದ್ದು ಗೆರೆ ಚಪ್ಪಟೆ ಅಂತ. ಕರೆಂಟಿನ ಹಮ್ ಇದ್ದರೆ ಗೆರೆ ಕುಣಿಯಬೇಕಿತ್ತು ಅಲ್ವಾ? ಅಕ್ಕ, ಮೂರು ವಿಷಯ ಹೇಳಿ. ದೊಡ್ಡವರ ಕಿವಿಗೆ ಹಾಕಿದರೆ ಅಲೆ ಬರುತ್ತದಾ? ಮಗುವಿನ ಓಎಇ (ಒಳಕಿವಿಯಿಂದ ಮರಳುವ ಸಣ್ಣ ಸದ್ದಿನ ಪರೀಕ್ಷೆ) ಏನಾಯಿತು? ಕ್ಲಿಕ್ಕಿನ ಪೋಲಾರಿಟಿ ಯಾವುದು?

ಪಯಸ್ವಿನಿ ದಡ
ನಮ್ಮ ಅಸಿಸ್ಟೆಂಟ್‌ಗೆ 80ರಲ್ಲಿ ಹಾಕಿದೆ, 5ನೇ ಅಲೆ 5.6 ಮಿಲಿಸೆಕೆಂಡಿಗೆ ಚಂದ ಬಂತು. ಅದಕ್ಕೇ ಮೆಷಿನ್ ಸರಿ ಅಂದದ್ದು. ಓಎಇ ಎರಡೂ ಕಿವಿಯಲ್ಲಿ ಪಾಸ್. ಪೋಲಾರಿಟಿ ಆಲ್ಟರ್ನೇಟಿಂಗ್, ಯಾವಾಗಲೂ ಅದೇ. ಮಗುವಿಗೆ 4 ತಿಂಗಳು. ಹುಟ್ಟಿದ ಕೂಡಲೇ ಕಾಮಾಲೆ ಜಾಸ್ತಿಯಾಗಿ ರಕ್ತ ಬದಲಿಸಿದ್ದರು.

ಮುಳ್ಳೇರಿಯ ಮಳೆ
ಎಲ್ಲ ಇಲ್ಲೇ ಉಂಟು. ಓಎಇ ಒಳಕಿವಿಯ ಹೊರಕೂದಲು ಕೋಶಗಳ ಕೆಲಸ ಮಾತ್ರ ತೋರಿಸುತ್ತದೆ. ಬೆರಾ ನೋಡುವುದು ನರ ಮತ್ತು ಮೆದುಳುಕಾಂಡ. ಮೊದಲನೆಯದು ಪಾಸ್, ಎರಡನೆಯದು ಚಪ್ಪಟೆ, ಜೊತೆಗೆ ರಕ್ತ ಬದಲಿಸುವಷ್ಟು ಕಾಮಾಲೆ. ಮೊದಲು ಆಡಿಟರಿ ನ್ಯೂರೋಪತಿ (ಕಿವಿಯಿಂದ ನರದಲ್ಲಿ ಸಂಕೇತ ಸರಿಯಾಗಿ ಹೋಗದ ತೊಂದರೆ) ಯೋಚಿಸಬೇಕು, ವೈರಿಂಗ್ ಆಮೇಲೆ.

ಆಲ್ಟರ್ನೇಟಿಂಗ್ ಬಿಡಿ. ರೇರ್‌ಫ್ಯಾಕ್ಷನ್ (ಕಿವಿತಮಟೆಯನ್ನು ಹೊರಗೆ ಎಳೆಯುವ ಕ್ಲಿಕ್) ಒಂದು ಸಲ, ಕಂಡೆನ್ಸೇಷನ್ (ಒಳಗೆ ತಳ್ಳುವ ಕ್ಲಿಕ್) ಒಂದು ಸಲ ಮಾಡಿ ಒಂದರ ಮೇಲೊಂದು ಇಡಿ. ಕಾಕ್ಲಿಯಾದ (ಒಳಕಿವಿಯ) ಮೈಕ್ರೋಫೋನಿಕ್, ಅಂದರೆ ಕೂದಲು ಕೋಶಗಳ ವಿದ್ಯುತ್ ಅಲೆ ಇದ್ದರೆ ಪೋಲಾರಿಟಿ ಬದಲಿಸಿದಾಗ ತಲೆಕೆಳಗಾಗುತ್ತದೆ. ಆಲ್ಟರ್ನೇಟಿಂಗ್‌ನಲ್ಲಿ ಎರಡೂ ಕೂಡಿ ಸೊನ್ನೆಯಾಗುವುದರಿಂದ ನಿಮಗೆ ಕಾಣಲಿಲ್ಲ. ಆಮೇಲೆ ಕಿವಿಗೆ ಸದ್ದು ತರುವ ಟ್ಯೂಬನ್ನು ಹಿಸುಕಿ ಹಿಡಿದು ಮತ್ತೊಮ್ಮೆ. ಆಗಲೂ ಉಳಿದರೆ ಅದು ಇಯರ್‌ಫೋನಿನ ವಿದ್ಯುತ್ ಆರ್ಟಿಫ್ಯಾಕ್ಟ್, ಕಿವಿಯದ್ದಲ್ಲ.

ಮುರಕಲ್ಲು
ಅರ್ಥಿಂಗ್ ಅಲ್ಲ ಅಂತ ಹೇಗೆ ಹೇಳುತ್ತೀರಿ? ಮೊದಲು ಮಲ್ಟಿಮೀಟರ್ ಹಿಡಿದು ಅಳೆಯಲಿ.

ಪಯಸ್ವಿನಿ ದಡ
ಮಗು ಎದ್ದಿತ್ತು. ಹಾಲು ಕುಡಿಸಿ ಮತ್ತೆ ಮಲಗಿಸಿ ಮಾಡಿದೆ. ರೇರ್‌ಫ್ಯಾಕ್ಷನ್‌ನಲ್ಲಿ ಮೇಲೆ ಹೋದದ್ದೆಲ್ಲ ಕಂಡೆನ್ಸೇಷನ್‌ನಲ್ಲಿ ಕೆಳಗೆ, ಕನ್ನಡಿಯಲ್ಲಿ ನೋಡಿದ ಹಾಗೆ. ಸುಮಾರು 4 ಮಿಲಿಸೆಕೆಂಡ್ ತನಕ ಹಾಗೆ, ಆಮೇಲೆ ಏನಿಲ್ಲ. 90ರಿಂದ 80ಕ್ಕೆ ಇಳಿಸಿದೆ. ಗಾತ್ರ ಕಡಿಮೆಯಾಯಿತು, ಜಾಗ ಕದಲಲಿಲ್ಲ. ಟ್ಯೂಬ್ ಹಿಸುಕಿದರೆ ಪೂರ್ತಿ ಮಾಯ.

ಕುಂಬಳೆ ಕೋಟೆ
ಜಾಗ ಕದಲದಿದ್ದರೆ ನರದ ಅಲೆ ಅಲ್ಲವೇ ಅಲ್ಲ. ನರದ್ದಾದರೆ ಸದ್ದು ಕಡಿಮೆ ಮಾಡಿದಂತೆ ಹಿಂದೆ ಸರಿಯಬೇಕು. ಮಳೆಯವರು ಹೇಳಿದ್ದೇ ಸರಿ.

ಪಯಸ್ವಿನಿ ದಡ
ರಿಪೋರ್ಟಿನಲ್ಲಿ ಏನು ಬರೆಯಲಿ? ತಾಯಿ ಇನ್ನೂ ಕಾಯುತ್ತಿದ್ದಾರೆ.

ಮುಳ್ಳೇರಿಯ ಮಳೆ
"ತೀವ್ರ ಕಿವುಡು" ಅಂತ ಖಂಡಿತ ಬರೆಯಬೇಡಿ. ಇಂಥ ಮಕ್ಕಳಲ್ಲಿ ಬೆರಾ ನೋಡಿ ಕೇಳಿಸುವ ಮಟ್ಟ ಹೇಳಲು ಆಗುವುದೇ ಇಲ್ಲ. ಬೆರಾ ಚಪ್ಪಟೆ ಇದ್ದೂ ಸಾಧಾರಣ ಸದ್ದಿಗೆ ತಿರುಗುವ ಮಕ್ಕಳಿದ್ದಾರೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ: 90ರಲ್ಲಿ ಪುನರಾವರ್ತನೆಯಾಗುವ ಅಲೆ ಇಲ್ಲ, ಮೈಕ್ರೋಫೋನಿಕ್ ಇದೆ, ಓಎಇ ಇದೆ, ನ್ಯೂರೋಪತಿ ಸಂಶಯ. ಬೆರಾ ನೋಡಿ ಹಿಯರಿಂಗ್ ಏಡ್ ಹಾಕಬೇಡಿ. ಕೆಲವು ತಿಂಗಳು ಬಿಟ್ಟು ಮತ್ತೆ ಬೆರಾ ಮಾಡಿ, ಕೆಲವು ಮಕ್ಕಳಲ್ಲಿ ಅಲೆ ಆಮೇಲೆ ಬರುತ್ತದೆ. ಮಗು ಕತ್ತು ತಿರುಗಿಸುವ ವಯಸ್ಸಿಗೆ ಬಂದ ಮೇಲೆ ಅದರ ವರ್ತನೆ ನೋಡಿಯೇ ಮಟ್ಟ ಹಿಡಿಯಬೇಕು. ನರವೇ ಸಣ್ಣದಿದೆಯಾ ಅಂತ ತಿಳಿಯಲು ಎಂಆರ್‌ಐ ಬೇಕಾದೀತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಪತ್ರ ಕೊಟ್ಟು ಕಳಿಸಿ, ತಿರುವನಂತಪುರಕ್ಕಿಂತ ನಮಗೆ ಅದೇ ಹತ್ತಿರ.

ತಾಯಿಗೆ ಹೀಗೆ ಹೇಳಿ: ಸದ್ದು ಕಿವಿಯೊಳಗೆ ತಲುಪುತ್ತಿದೆ, ಅಲ್ಲಿಂದ ಮುಂದೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಬೇಕು, ಮತ್ತೆ ಬರಬೇಕು. ಮಗುವಿನ ಜೊತೆ ಮಾತಾಡುವುದನ್ನು ನಿಲ್ಲಿಸಬೇಡಿ ಅಂತಲೂ ಹೇಳಿ.

ಪಯಸ್ವಿನಿ ದಡ
ಹೇಳಿದೆ. ಬರೆದೂ ಕೊಟ್ಟೆ. ತುಂಬ ಉಪಕಾರ.

ಹೊಸಂಗಡಿ ಲ್ಯಾಬ್
ರಿಫ್ಲೆಕ್ಸ್ (ಜೋರು ಸದ್ದಿಗೆ ನಡುಕಿವಿಯ ಸ್ನಾಯು ಬಿಗಿಯುವುದು) ನೋಡಲಿಲ್ವಾ? ನಡುಕಿವಿ ನೋಡುವ ನನ್ನ ಟಿಂಪ್ಯಾನೋಮೀಟರಿನಲ್ಲಿ 226 ಹರ್ಟ್ಸ್ ಪ್ರೋಬ್ ಸದ್ದು ಮಾತ್ರ ಇದೆ. 4 ತಿಂಗಳ ಮಗುವಿಗೆ ನಡೆಯುತ್ತದಾ?

ಕುಂಬಳೆ ಕೋಟೆ
ಇಲ್ಲ ಅಣ್ಣ. 6 ತಿಂಗಳ ಒಳಗೆ 1,000 ಹರ್ಟ್ಸ್ ಬೇಕು. 226ರಲ್ಲಿ ಕಿವಿಯಲ್ಲಿ ನೀರಿದ್ದರೂ ಸರಿ ಇರುವ ಹಾಗೆ ತೋರಿಸಬಹುದು. ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಬರೆಯುತ್ತೇನೆ.