ಬೆಕ್ಕಿಗೆ ಚಿಗಟ, ಮನೇಲಿ ಅಂಬೆಗಾಲಿಡೋ ಮಗು, ಏನ್ ಮಾಡ್ಲಿ?

ಪ್ರಶ್ನೆ: ಎರಡು ಬೆಕ್ಕಿದೆ, ಎರಡಕ್ಕೂ ಚಿಗಟ, ನಿನ್ನೆ ಒಂದರ ಬಾಲದ ಕೆಳಗೆ ಅಕ್ಕಿಕಾಳಿನ ಥರ ಬೆಳ್ಳಗೆ ಏನೋ ಅಂಟ್ಕೊಂಡಿತ್ತು. ಮಗೂಗೆ ಒಂಬತ್ತು ತಿಂಗಳು, ನೆಲದಲ್ಲೇ ಆಡುತ್ತೆ, ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕುತ್ತೆ. ನಾಯಿಗೆ ತಂದಿದ್ದ ಡ್ರಾಪ್ಸ್ ಉಳಿದಿದೆ, ಅದನ್ನೇ ಹಾಕ್ಬಹುದಾ? ತುಂಬಾ ಭಯ ಆಗ್ತಿದೆ.

ರಿಪ್ಲೈ 1: ದಯವಿಟ್ಟು ನಾಯಿ ಡ್ರಾಪ್ಸ್ ಹಾಕ್ಬೇಡಿ!! ಸುಮಾರು ನಾಯಿ ಔಷಧಿಗಳಲ್ಲಿ ಪರ್ಮೆತ್ರಿನ್ ಅನ್ನೋ ಕೀಟನಾಶಕ ಇರುತ್ತೆ, ಬೆಕ್ಕಿಗೆ ಅದು ವಿಷ, ನಡುಕ ಫಿಟ್ಸ್ ಬಂದು ಜೀವಾನೇ ಹೋಗ್ಬಹುದು. ವೆಟ್ ಹತ್ರ ತೂಕ ಹೇಳಿ ಬೆಕ್ಕಿಗಂತಲೇ ಇರೋದು ತಗೊಳ್ಳಿ. ಕತ್ತಿನ ಹಿಂದೆ ಹಾಕಿದ್ದು ಪೂರ್ತಿ ಒಣಗೋವರೆಗೂ ಮಗು ಮುಟ್ಟದ ಹಾಗೆ ನೋಡ್ಕೊಳ್ಳಿ, ನಾವು ಮಗು ಮಲಗಿದ್ಮೇಲೇ ಹಾಕ್ತಿದ್ವಿ.

ರಿಪ್ಲೈ 2: ಆ ಅಕ್ಕಿಕಾಳು ಲಾಡಿಹುಳುವಿನ ತುಂಡು ಇರ್ಬೇಕು. ಬೆಕ್ಕು ಮೈ ನೆಕ್ಕೋವಾಗ ಚಿಗಟ ನುಂಗಿ ಹುಳು ಬರೋದು, ಮಗೂಗೂ ಚಿಗಟ ಹೊಟ್ಟೆಗೆ ಹೋದ್ರೆ ಮಾತ್ರ ಬರುತ್ತೆ, ಅದೂ ಅಪರೂಪ, ಬಂದ್ರೂ ಔಷಧಿಗೆ ವಾಸಿಯಾಗುತ್ತೆ. ಬೆಕ್ಕಿಗೆ ಪ್ರಾಜಿಕ್ವಾಂಟೆಲ್ ಅನ್ನೋ ಹುಳುವಿನ ಔಷಧಿ ಕೊಡ್ತಾರೆ, ಆದ್ರೆ ಚಿಗಟ ಹೋಗ್ದೇ ಇದ್ರೆ ಹುಳು ಮತ್ತೆ ಬರ್ತಾನೇ ಇರುತ್ತೆ. ಡೈಪರಲ್ಲಿ ಅಂಥದ್ದೇ ಕಂಡ್ರೆ ಮಕ್ಕಳ ಡಾಕ್ಟರಿಗೆ ತೋರ್ಸಿ, ನೀವಾಗೇ ಏನೂ ಕೊಡ್ಬೇಡಿ.

ರಿಪ್ಲೈ 3: ಬೆಕ್ಕಿನ ಮೈಮೇಲೆ ಕಾಣೋದು ಸ್ವಲ್ಪ ಅಷ್ಟೇ, ಮೊಟ್ಟೆ ಮರಿ ಎಲ್ಲಾ ಕಾರ್ಪೆಟ್ ಸೋಫಾ ಸಂದಿಲಿರುತ್ತೆ. ದಿನಾ ವ್ಯಾಕ್ಯೂಮ್ ಮಾಡಿ, ಹಾಸಿಗೆ ಬಟ್ಟೆ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ. ಮರಿ ತನ್ನ ಸುತ್ತ ಕಟ್ಕೊಳ್ಳೋ ಗೂಡೊಳಗೆ ಚಿಗಟ ತಿಂಗಳುಗಟ್ಟಲೆ ಕಾಯುತ್ತೆ, ಅದಕ್ಕೇ ವೆಟ್ ಹೇಳಿದಷ್ಟು ದಿನ ಎರಡೂ ಬೆಕ್ಕಿಗೂ ಚಿಗಟದ ಔಷಧಿ ಬಿಡದೆ ಹಾಕಿ. ಲಿಟರ್ ಬಾಕ್ಸೂ ದಿನಾ ಕ್ಲೀನ್ ಆಗ್ಲಿ, ಬೆಕ್ಕಿನ ಮಲದಲ್ಲಿ ದುಂಡುಹುಳು ಅನ್ನೋ ಇನ್ನೊಂದು ಥರದ ಹುಳುವಿನ ಮೊಟ್ಟೆ ಇರ್ಬಹುದು, ಅದು ಅಪಾಯಕಾರಿ ಆಗೋಕೆ ಒಂದರಿಂದ ನಾಲ್ಕು ವಾರ ಬೇಕು, ಅಷ್ಟರೊಳಗೆ ಎತ್ಬಿಡಿ.

ಪ್ರಶ್ನೆ ಕೇಳಿದವರು: ಡ್ರಾಪ್ಸ್ ಎತ್ತಿಟ್ಟೆ, ನಾಳೆ ಬೆಳಿಗ್ಗೆನೇ ವೆಟ್ ಹತ್ರ ಹೋಗ್ತೀನಿ. ತುಂಬಾ ಥ್ಯಾಂಕ್ಸ್ ಎಲ್ರಿಗೂ.