ಸಹಾಯ ಬೇಕು: ಲೂಡೋ ದಾಳದಲ್ಲಿ ಮೊಸಳೆಯನ್ನು ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಾವು ಐವರು ಗೆಳೆಯರು ಭಾನುವಾರ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯಾಟ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಮಾದರಿಯದೇ. ಆದರೆ ನಮ್ಮ ಲೋಕ ಆನೆಗೊಂದಿಯ ಬಂಡೆಗಳದು, ಡ್ರ್ಯಾಗನ್ ಬದಲು ತುಂಗಭದ್ರೆಯ ಮೊಸಳೆ. ಕಥೆ ನಡೆಸುವವನು ನಾನು, ಬೈಸಿಕೊಳ್ಳುವವನೂ ನಾನೇ.

ಪಾತ್ರದ ಹೊಡೆತ ತಗುಲಿತೇ ಎಂಬುದನ್ನು ದಾಳ ಹಾಕಿ, ಬಿದ್ದ ಸಂಖ್ಯೆ ಗುರಿ ಮುಟ್ಟಿತೇ ಎಂದು ನೋಡಿ ತೀರ್ಮಾನಿಸುತ್ತೇವೆ. ಅದಕ್ಕೆ ಇಪ್ಪತ್ತು ಮುಖದ ದಾಳ ಕೇಳಿದರೆ ಅಂಗಡಿಯವರು ಲೂಡೋ ದಾಳ ತೋರಿಸುತ್ತಾರೆ. ಮೊಬೈಲ್ ದಾಳವನ್ನು ಗೆಳೆಯರು ನಂಬುವುದಿಲ್ಲ. ಕವಡೆ ಹಾಕಿದೆವು, ಎಣಿಸುವುದರಲ್ಲೇ ಜಗಳ. ಕೊನೆಗೆ ಎರಡು ಲೂಡೋ ದಾಳಕ್ಕೆ ಬಂದು ನಿಂತಿದ್ದೇವೆ.

ಗೊಂದಲ ಇಲ್ಲಿದೆ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಸಂಖ್ಯೆಗೂ ಶೇ 5 ಅವಕಾಶ; ಒಳ್ಳೆಯ ಕತ್ತಿಗೆ ಎರಡು ಅಂಕ ಕೊಟ್ಟರೆ ಹೆಚ್ಚುವುದು ಶೇ 10 ಮಾತ್ರ. ನಮ್ಮ ಗುರಿ 9. ಎರಡು ದಾಳದ ಮೊತ್ತ 9 ಅಥವಾ ಅದಕ್ಕಿಂತ ಹೆಚ್ಚು ಬೀಳುವುದು 36ರಲ್ಲಿ 10 ರೀತಿ. ಎರಡು ಅಂಕ ಸೇರಿಸಿದರೆ 7 ಬಿದ್ದರೂ ಸಾಕು, ಅದು 21 ರೀತಿ! ಕತ್ತಿ ಹಿಡಿದವನು ಮೊಸಳೆಯನ್ನು ಬದನೆಕಾಯಿಯಂತೆ ಹೆಚ್ಚಿಹಾಕುತ್ತಿದ್ದಾನೆ. ಗುರಿಯನ್ನು 11ಕ್ಕೆ ಏರಿಸಿ ನೋಡಿದೆ. ಕತ್ತಿಯಿಲ್ಲದವರು ಆಟವನ್ನೇ ಬಿಡುತ್ತೇವೆ ಎಂದರು.

ಗುರಿ 9 ಇರಲಿ, ಕತ್ತಿಯ ಅಂಕವನ್ನು ಒಂದಕ್ಕೆ ಇಳಿಸಿದರೆ ಸಾಕೇ? ಅಥವಾ ಲೂಡೋ ದಾಳದಿಂದಲೇ 1ರಿಂದ 20ರವರೆಗೆ ಸಮಾನ ಅವಕಾಶ ತರುವ ಉಪಾಯ ಯಾರಿಗಾದರೂ ಗೊತ್ತಿದೆಯೇ?