ಮ್ಯಾಕ್‌ನಲ್ಲಿ ಬ್ಯಾಶ್ 5.2 ಹಾಕಿದ ಮೇಲೂ ಟರ್ಮಿನಲ್ ಹಳೆಯ 3.2ರಲ್ಲೇ ತೆರೆದುಕೊಳ್ಳುತ್ತಿದೆ

ಪ್ರಶ್ನೆ

ನಮಸ್ಕಾರ. ಆಪಲ್ ಸಿಲಿಕಾನ್ ಚಿಪ್ ಇರುವ ನನ್ನ ಮ್ಯಾಕ್‌ನಲ್ಲಿ ತಂತ್ರಾಂಶಗಳನ್ನು ಹಾಕಿಕೊಡುವ ಹೋಮ್‌ಬ್ರೂ ಮೂಲಕ, ಟರ್ಮಿನಲ್‌ನಲ್ಲಿ ಬರೆದ ಆದೇಶಗಳನ್ನು ನಡೆಸುವ ಶೆಲ್ ಆದ ಬ್ಯಾಶ್ 5.2 ಹಾಕಿಕೊಂಡಿದ್ದೇನೆ. ‘ಬ್ಯಾಶ್ --ವರ್ಷನ್’ ಎಂದು ಕೊಟ್ಟರೆ 5.2 ಎಂದೇ ಉತ್ತರ ಬರುತ್ತದೆ. ಆದರೆ ಅದೇ ವಿಂಡೋದಲ್ಲಿ ‘ಬ್ಯಾಶ್_ವರ್ಷನ್’ ವೇರಿಯಬಲ್‌ನಲ್ಲಿ ಏನಿದೆ ಎಂದು ನೋಡಿದರೆ 3.2.57 ಎಂದು ಕಾಣುತ್ತದೆ. ತಿಂಗಳ ಹೆಸರಿಗೆ ಒಂದೊಂದು ಮೊತ್ತವನ್ನು ಜೋಡಿಸಿಡುವ ನನ್ನ ಸ್ಕ್ರಿಪ್ಟ್ ಕೂಡ ಯಾವ ತಿಂಗಳನ್ನು ಕೇಳಿದರೂ ಡಿಸೆಂಬರಿನ ಮೊತ್ತವನ್ನೇ ಕೊಡುತ್ತಿದೆ. ಹೊಸ ಶೆಲ್ಲನ್ನೇ ಡೀಫಾಲ್ಟ್ ಮಾಡಿಕೊಳ್ಳುವುದು ಹೇಗೆಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನೀವು ಕೊಟ್ಟ ಎರಡು ಆದೇಶಗಳು ಎರಡು ಬೇರೆ ಪ್ರಶ್ನೆಗಳನ್ನು ಕೇಳುತ್ತಿವೆ. ಮೊದಲನೆಯದು ‘ಪಾತ್’ ಪಟ್ಟಿಯಲ್ಲಿ (ಆದೇಶಗಳನ್ನು ಹುಡುಕುವ ಕೋಶಗಳ ಪಟ್ಟಿ) ಮೊದಲು ಸಿಗುವ ಬ್ಯಾಶ್ ಯಾವುದೋ ಅದನ್ನು ಹೊಸದಾಗಿ ಓಡಿಸಿ ಅದರ ಆವೃತ್ತಿಯನ್ನು ತೋರಿಸುತ್ತದೆ. ಎರಡನೆಯದು ಈ ಹೊತ್ತು ನಿಮ್ಮ ಮುಂದೆ ಕುಳಿತಿರುವ ಶೆಲ್ ಯಾವುದೆಂದು ಹೇಳುತ್ತದೆ. ಹೋಮ್‌ಬ್ರೂ ‘ಪಾತ್’ ಪಟ್ಟಿಯನ್ನಷ್ಟೇ ಬದಲಾಯಿಸಿದೆ. ನಿಮ್ಮ ಖಾತೆಯ ಲಾಗಿನ್ ಶೆಲ್, ಅಂದರೆ ಟರ್ಮಿನಲ್ ತೆರೆದಾಗ ಶುರುವಾಗುವ ಶೆಲ್, ಈಗಲೂ ಆಪಲ್ ಕೊಟ್ಟ /ಬಿನ್/ಬ್ಯಾಶ್ ಆಗಿಯೇ ಉಳಿದಿದೆ.

ಆ ಹಳೆಯ ಆವೃತ್ತಿ ಅಲ್ಲೇ ಉಳಿದಿರುವುದು ಮರೆವಿನಿಂದಲ್ಲ. 2009ರಲ್ಲಿ ಬಂದ ಬ್ಯಾಶ್ 4.0 ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ಆವೃತ್ತಿಗೆ ಬದಲಾಯಿತು. ಆಪಲ್ ಅದಕ್ಕೆ ಹಿಂದಿನ ಪರವಾನಗಿಯ 3.2ರಲ್ಲೇ ನಿಂತು, 2019ರ ಕ್ಯಾಟಲಿನಾದಿಂದ ಹೊಸ ಖಾತೆಗಳಿಗೆ ಝೀ ಶೆಲ್ (ಝಡ್‌ಎಸ್‌ಎಚ್) ಎಂಬ ಬೇರೆ ಶೆಲ್ ಕೊಡತೊಡಗಿತು. ಅದಕ್ಕೂ ಮೊದಲೇ ತೆರೆದ ಖಾತೆಗಳಲ್ಲಿ ಹಳೆಯ ಬ್ಯಾಶ್ ಹಾಗೆಯೇ ಮುಂದುವರಿದಿದೆ.

ಮಾಡಬೇಕಾದ್ದು ಎರಡು ಕೆಲಸ. ಒಪ್ಪಿತ ಶೆಲ್‌ಗಳ ಪಟ್ಟಿಯಿರುವ /ಇಟಿಸಿ/ಶೆಲ್ಸ್ ಫೈಲಿನ ಕೊನೆಗೆ /ಆಪ್ಟ್/ಹೋಮ್‌ಬ್ರೂ/ಬಿನ್/ಬ್ಯಾಶ್ ಎಂಬ ಪೂರ್ಣ ದಾರಿಯನ್ನು ಒಂದು ಸಾಲಾಗಿ ಸೇರಿಸಿ. ಆ ಮೇಲೆ ಲಾಗಿನ್ ಶೆಲ್ ಬದಲಿಸುವ ‘ಸಿಎಚ್‌ಎಸ್‌ಎಚ್ -ಎಸ್’ ಆದೇಶಕ್ಕೆ ಅದೇ ದಾರಿಯನ್ನು ಕೊಡಿ. ಫೈಲಿನಲ್ಲಿ ಆ ಸಾಲು ಇಲ್ಲದಿದ್ದರೆ ಸಾಮಾನ್ಯ ಬಳಕೆದಾರರಿಗೆ ಬದಲಾವಣೆ ಮಾಡಲು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ‘ಸುಡೊ ಎಕೊ’ (ಆಡಳಿತಗಾರನ ಅಧಿಕಾರ ಕೊಡುವ ‘ಸುಡೊ’, ಪಠ್ಯವನ್ನು ಹೊರಹಾಕುವ ‘ಎಕೊ’) ಎಂದು ಬರೆದು, ಎರಡು ಬಾಣದ ಗುರುತು ಹಾಕಿ ಆ ಫೈಲಿಗೆ ಸೇರಿಸಲು ಹೋದೆ. ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟರೂ ಅನುಮತಿ ಇಲ್ಲ ಎಂಬ ಸಂದೇಶ ಬಂತು.

ಎರಡನೆಯ ಉತ್ತರ

ಬಹಳ ಜನ ಎಡವುವುದು ಇಲ್ಲಿಯೇ. ‘ಸುಡೊ’ದ ಅಧಿಕಾರ ‘ಎಕೊ’ಗೆ ಮಾತ್ರ ಸಿಗುತ್ತದೆ, ಬಾಣದ ಗುರುತನ್ನು ನೋಡಿ ಫೈಲನ್ನು ತೆರೆಯುವುದು ನಿಮ್ಮ ಶೆಲ್ಲೇ, ಅದೂ ನಿಮ್ಮದೇ ಸಾಮಾನ್ಯ ಅಧಿಕಾರದಲ್ಲಿ. ಆದ್ದರಿಂದ ‘ಎಕೊ’ದ ಔಟ್‌ಪುಟ್ಟನ್ನು ಪೈಪ್ ಮೂಲಕ, ಫೈಲಿಗೆ ಬರೆಯುವ ‘ಸುಡೊ ಟೀ -ಎ’ಗೆ ಕೊಡಿ. ಆ ‘-ಎ’ಯನ್ನು ಖಂಡಿತ ಬಿಡಬೇಡಿ: ಅದಿಲ್ಲದಿದ್ದರೆ ಫೈಲಿನಲ್ಲಿ ಮೊದಲಿದ್ದ ಸಾಲುಗಳೆಲ್ಲ ಅಳಿಸಿಹೋಗಿ ನಿಮ್ಮ ಒಂದೇ ಸಾಲು ಉಳಿಯುತ್ತದೆ. ಬದಲಾವಣೆ ಆದ ಮೇಲೆ ಈಗಿನ ವಿಂಡೋವನ್ನು ಮುಚ್ಚದೆ ಇನ್ನೊಂದನ್ನು ತೆರೆದು ‘ಬ್ಯಾಶ್_ವರ್ಷನ್’ ನೋಡಿ. ‘ಶೆಲ್’ ಎಂಬ ವೇರಿಯಬಲ್ಲನ್ನು ನಂಬಬೇಡಿ, ಏಕೆಂದರೆ ಅದು ಲಾಗಿನ್ ಶೆಲ್ಲಿನ ದಾರಿಯನ್ನು ಹೇಳುತ್ತದೆಯೇ ಹೊರತು ಈಗ ಓಡುತ್ತಿರುವ ಶೆಲ್ಲನ್ನಲ್ಲ.

ಇಷ್ಟಾದರೂ ನಿಮ್ಮ ಸ್ಕ್ರಿಪ್ಟ್ ಸರಿಹೋಗದಿರಬಹುದು. ಅದರ ಮೊದಲ ಸಾಲು /ಬಿನ್/ಬ್ಯಾಶ್ ಎಂದಿದ್ದರೆ, ಲಾಗಿನ್ ಶೆಲ್ ಯಾವುದೇ ಇರಲಿ, ಅದನ್ನು ಓಡಿಸುವುದು 3.2ರ ಬ್ಯಾಶೇ. ‘ಡಿಕ್ಲೇರ್ -ಎ’ ಎಂದು ದೊಡ್ಡಕ್ಷರದ ಎ ಬಳಸಿ ಘೋಷಿಸುವ ಅಸೋಸಿಯೇಟಿವ್ ಅರೇ, ಅಂದರೆ ಹೆಸರಿಗೆ ಬೆಲೆ ಜೋಡಿಸುವ ಪಟ್ಟಿ, ಬಂದಿದ್ದು 4.0ರಲ್ಲಿ. 3.2 ಆ ಸಾಲಿಗೆ ಒಂದು ತಪ್ಪು ಸಂದೇಶವನ್ನು ತೋರಿಸಿ ಮುಂದೆ ಸಾಗುತ್ತದೆ, ನಂತರ ಇಂಗ್ಲಿಷ್ ಅಕ್ಷರಗಳಲ್ಲಿರುವ ತಿಂಗಳ ಹೆಸರನ್ನು ಅಂಕಗಣಿತದ ವೇರಿಯಬಲ್ ಎಂದು ತಿಳಿಯುತ್ತದೆ. ಅಂಥ ವೇರಿಯಬಲ್ ಎಲ್ಲಿಯೂ ಇಲ್ಲವಾದ್ದರಿಂದ ಅದರ ಬೆಲೆ 0. ಹೀಗೆ 12 ಮೊತ್ತಗಳೂ 0 ಎಂಬ ಒಂದೇ ಜಾಗಕ್ಕೆ ಒಂದರ ಮೇಲೊಂದು ಬೀಳುತ್ತವೆ. ಕೊನೆಗೆ ಬಿದ್ದ ಡಿಸೆಂಬರ್ ಉಳಿಯುತ್ತದೆ. ಸ್ಕ್ರಿಪ್ಟ್ ನಿಂತುಹೋಗುವುದಕ್ಕಿಂತ ಹೀಗೆ ತಪ್ಪು ಲೆಕ್ಕ ಕೊಟ್ಟು ಮುಗಿಯುವುದು ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಮೊದಲ ಸಾಲನ್ನು ‘/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್’ ಎಂದು ಬದಲಿಸಿ. ಆಗ ‘ಪಾತ್’ನಲ್ಲಿ ಮೊದಲು ಸಿಗುವ ಹೊಸ ಬ್ಯಾಶ್ ಅದನ್ನು ಓಡಿಸುತ್ತದೆ.

ಮೂರನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ. /ಬಿನ್/ಬ್ಯಾಶ್ ಅನ್ನೇ ತೆಗೆದು ಹೊಸದನ್ನು ಅಲ್ಲಿ ಇಡುವ ಯೋಚನೆ ಮಾತ್ರ ಬೇಡ. 2015ರ ಎಲ್ ಕ್ಯಾಪಿಟನ್‌ನಿಂದ ಈಚೆಗೆ ಆ ಕೋಶಕ್ಕೆ ವ್ಯವಸ್ಥೆಯ ರಕ್ಷಣೆ ಇದೆ. ಇನ್ನೊಂದು ವಿಷಯ: ಮುಂದೆ ಎಂದಾದರೂ ಹೋಮ್‌ಬ್ರೂವಿನ ಬ್ಯಾಶ್ ತೆಗೆದುಹಾಕುವುದಾದರೆ, ಮೊದಲು ‘ಸಿಎಚ್‌ಎಸ್‌ಎಚ್’ ಬಳಸಿ ಲಾಗಿನ್ ಶೆಲ್ಲನ್ನು /ಬಿನ್/ಝಡ್‌ಎಸ್‌ಎಚ್‌ಗೆ ಮರಳಿಸಿ. ಇಲ್ಲದಿದ್ದರೆ ಟರ್ಮಿನಲ್‌ಗೆ ತೆರೆಯಲು ಶೆಲ್ಲೇ ಸಿಗುವುದಿಲ್ಲ, ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಬರುವ ದಾರಿಯೂ ಮುಚ್ಚುತ್ತದೆ. ಈಗಾಗಲೇ ಹಾಗೆ ಸಿಕ್ಕಿಬಿದ್ದವರು ಟರ್ಮಿನಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ, ಶೆಲ್ ತೆರೆಯುವ ಆಯ್ಕೆಯ ಬಳಿ /ಬಿನ್/ಝಡ್‌ಎಸ್‌ಎಚ್ ಎಂದು ಬರೆದು ಹೊಸ ವಿಂಡೋ ತೆರೆದರೆ ಸರಿಪಡಿಸಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಹೊಸ ವಿಂಡೋದಲ್ಲಿ ಈಗ 5.2 ಕಾಣುತ್ತಿದೆ. ಸ್ಕ್ರಿಪ್ಟಿನ ಮೊದಲ ಸಾಲು /ಬಿನ್/ಬ್ಯಾಶ್ ಎಂದೇ ಇತ್ತು. ಅದನ್ನು ಬದಲಿಸಿದ ಮೇಲೆ ಜನವರಿಯ ಮೊತ್ತ ಸರಿಯಾಗಿ ಬಂತು. ಇದೇ ಮೊದಲ ಸಾಲಿನ ಇನ್ನೂ ಕೆಲವು ಹಳೆಯ ಸ್ಕ್ರಿಪ್ಟ್‌ಗಳಿದ್ದು, ಅವು ಈವರೆಗೆ ಕೊಟ್ಟಿರುವ ಲೆಕ್ಕಗಳನ್ನು ಈಗ ಒಂದೊಂದಾಗಿ ಮತ್ತೆ ತಾಳೆ ನೋಡುತ್ತಿದ್ದೇನೆ.